ಮೊದಲು ಹುಟ್ಟಿದವಳು

ಮಂಗಳವಾರ, ಸಂಜೆ

ನಮ್ಮ ಬೀದಿಯ ಪಂಕ್ಚರ್ ರಾಣಿಗೆ,

ಅತ್ತೆಯ ಅಪ್ಪುಗೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ. ತಪ್ಪು ನನ್ನದೇ, ಊದಿಸಿಕೋ. ಬರಿಗೈಯಲ್ಲಿ ಬರೆಯಲು ಮನಸ್ಸಾಗಲಿಲ್ಲ. ಈಗ ಕೈತುಂಬ ಸುದ್ದಿಯಿದೆ. ಗೆದ್ದೆವು. ಅರಮನೆಯಲ್ಲೂ ಗೆದ್ದೆವು, ನಮ್ಮ ಸೈಕಲ್ ಶಾಪಿನಲ್ಲೂ ಗೆದ್ದೆವು.

ಅರಮನೆಯದು ನಿನಗೂ ತಲುಪಿರುತ್ತದೆ. ಪಟ್ಟ ಇನ್ನು ದೊರೆಯ ಹಿರಿಮಗಳಿಗೇ, ಅವಳ ತಮ್ಮನಿಗಲ್ಲ ಎಂದು ನಿನ್ನೆ ಕಾನೂನು ಬದಲಾಯಿತು. 'ಯಾರಿಗೆ ಪಟ್ಟ ಕಟ್ಟಿದರೆ ನಮಗೇನು ಅತ್ತೆ' ಎಂದು ನೀನು ಬರೆದಿದ್ದೆ. ನನಗೂ ಆ ಸಿಂಹಾಸನದ ಮೇಲೆ ಪ್ರೀತಿಯಿಲ್ಲ. ಅದನ್ನು ಒಡೆದು ಸೌದೆ ಮಾಡಿದರೆ ಮೊದಲು ಒಲೆ ಹೊತ್ತಿಸುವವಳು ನಾನು. ಆದರೆ ಹೆಣ್ಣುಮಕ್ಕಳ ಕೈ ಖಾಲಿ ಮಾಡುವಾಗ ಈ ದೇಶದ ಅಪ್ಪಂದಿರೆಲ್ಲ ಏನು ಹೇಳುತ್ತಿದ್ದರು? 'ರಾಜರ ಮನೇಲೇ ಗಂಡಿಗೆ ಕೊಡ್ತಾರೆ, ನಮ್ದೇನು ಮಹಾ.' ನಿಮ್ಮಪ್ಪನೂ ಅದನ್ನೇ ಹೇಳಿ ತಾನೇ ಶಾಪು ನಿನ್ನ ತಮ್ಮನಿಗೆ ಎಂದದ್ದು, ನೀನು ಸ್ಪ್ಯಾನರ್ ಬಿಸಾಕಿ ಊರು ಬಿಟ್ಟದ್ದು? ಆ ನೆಪವನ್ನೇ ಬುಡಸಮೇತ ಕೀಳಬೇಕಿತ್ತು.

ಕಾನೂನು ಬದಲಿಸುವ ಮುಂಚೆ ಜನರ ಅಭಿಪ್ರಾಯ ಕೇಳುತ್ತೇವೆ ಎಂದು ಹೋದ ತಿಂಗಳು ಪುರಭವನದಲ್ಲಿ ಮೈಕು ಇಟ್ಟರು. ಊರಿಗೆ ಊರೇ ನೆರೆಯಿತು. ಸಾಲಿನಲ್ಲಿ ನನ್ನ ಮುಂದೆಯೇ ನಿಮ್ಮಪ್ಪ, ಇಸ್ತ್ರಿ ಮಾಡಿದ ಶರ್ಟಿನಲ್ಲಿ. ಊರ ಗಾಳಿ ಎತ್ತ ಬೀಸುತ್ತದೋ ಅತ್ತಲೇ ಅವನ ಬಾಯಿ ಎಂಬುದು ನಿನಗೆ ಗೊತ್ತಲ್ಲ. 'ಮೊದಲು ಹುಟ್ಟಿದವರಿಗೇ ಹಕ್ಕು. ಹೆಣ್ಣು ಅಂತ ಹಿಂದೆ ತಳ್ಳೋದು ಅನ್ಯಾಯ' ಎಂದ. ಚಪ್ಪಾಳೆಗೆ ಸೂರು ಹಾರುವುದೊಂದು ಬಾಕಿ.

ನಾನು ಮೈಕು ಹಿಡಿದೆ. 'ಈಗ ಮಾತಾಡಿದ್ದು ನನ್ನ ತಮ್ಮ. ಚೆನ್ನಾಗಿ ಮಾತಾಡಿದ. ನಿಮ್ಮೆಲ್ಲರ ಸೈಕಲ್ ಬೆಂಡ್ ತೆಗೆದವಳು ಇವನ ಹಿರಿಮಗಳು. ಶಾಪು ಮಾತ್ರ ಮಗನಿಗಂತೆ. ಯಾಕೆ ಅಂತ ಇವನನ್ನೇ ಕೇಳಿ.'

ಮೊದಲು ಹಾಲು ಮಾರುವವಳು ಎದ್ದಳು. 'ಏನ್ರೀ ಯಜಮಾನ್ರೇ, ಅರಮನೆಗೊಂದು ನ್ಯಾಯ, ನಿಮ್ಮನೆಗೊಂದಾ?'

'ಅವಳು ಹೋದಾಗಿಂದ ನನ್ನ ಸೈಕಲ್ ಕುಂಟ್ತಾ ಇದೆ. ಮೊದಲು ಅವಳನ್ನ ಕರೆಸಿ, ಆಮೇಲೆ ರಾಣಿನ ಕೂರಿಸೋಣ' ಎಂದ ಅಂಚೆಯವನು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮಪ್ಪ ಕಾಲರ್ ಗುಂಡಿ ಬಿಚ್ಚಿ, 'ಮನೆ ವಿಚಾರ ಬೇರೆ' ಎಂದು ಶುರುಮಾಡಿದ. ಅಷ್ಟರಲ್ಲಿ ನಿನ್ನ ತಮ್ಮನೇ ಎದ್ದು ನಿಂತ. 'ಅಪ್ಪಾ, ನಂಗೆ ಟ್ಯೂಬಿಗೆ ಗಾಳಿ ಹೊಡೆಯೋದು ಬಿಟ್ಟು ಏನೂ ಬರಲ್ಲ. ಅಕ್ಕನ್ನ ಕರೀರಿ, ನನ್ನ ಬಿಟ್ಬಿಡಿ.' ಅಲ್ಲಿಗೆ ಮುಗಿಯಿತು.

ನಿನ್ನೆ ರೇಡಿಯೋದಲ್ಲಿ ಸುದ್ದಿ ಬಂದ ಮೇಲೆ ನಿಮ್ಮಪ್ಪ ನನ್ನ ಮನೆಗೆ ಬಂದು ಶಾಪಿನ ಬೀಗದ ಕೈ ಮೇಜಿನ ಮೇಲಿಟ್ಟ. 'ನೀನೇ ಬರಿ ಅಕ್ಕ, ನಾನು ಬರೆದ್ರೆ ಹರಿದು ಹಾಕ್ತಾಳೆ' ಎಂದ. ಬರೀ ಬೀಗದ ಕೈ ನಂಬುವವಳಲ್ಲ ನಾನು. ಶಾಪು ನಿನ್ನ ಹೆಸರಿಗೆ ರಿಜಿಸ್ಟರ್ ಆಗುವವರೆಗೂ ಅವನ ಬೆನ್ನು ಬಿಡುವುದಿಲ್ಲ.

ಬಾ ಮಗಳೇ. ಹಗಲು ಹೊತ್ತಿನಲ್ಲೇ, ನಡುಬೀದಿಯಲ್ಲೇ ನಡೆದು ಬಾ. ಇದು ಯಾರ ಉಪಕಾರವೂ ಅಲ್ಲ, ನಿನ್ನ ಹಕ್ಕು. ನಿನ್ನ ಕೈ ಗಟ್ಟಿಯಿರಲಿ, ಬಾಯಿ ಅದಕ್ಕಿಂತ ಗಟ್ಟಿಯಿರಲಿ. ಯಾರ ಹಿಂದೆಯೂ ನಿಲ್ಲುವ ಗತಿ ನಿನಗೆ ಬಾರದಿರಲಿ.

ನಿನ್ನ
ಜಗಳಗಂಟಿ ಅತ್ತೆ

ಇನ್ನೊಂದು ಮಾತು: ಹೊರಡುವಾಗ ನಿಮ್ಮಪ್ಪ ಬಾಗಿಲಲ್ಲಿ ನಿಂತು, 'ನಮ್ಮ ವಂಶದಲ್ಲಿ ಹೆಣ್ಣಿಗೆ ಕೊಡ್ತಿರೋದು ನಾನೇ ಮೊದಲು, ಅಲ್ವಾ ಅಕ್ಕ?' ಎಂದು ಹೆಮ್ಮೆಯಿಂದ ಕೇಳಿದ. ಹೌದು ಎಂದೆ. ನಮ್ಮಪ್ಪ ಆ ಶಾಪನ್ನು ಅವನ ಕೈಗೆ ಕೊಟ್ಟ ದಿನ ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಯಾರೂ ತಿರುಗಿ ನೋಡಲಿಲ್ಲ. ಅವತ್ತು ಪುರಭವನದಲ್ಲಿ, ಅಷ್ಟು ಜನರ ಮುಂದೆ ಅವನನ್ನು ನನ್ನ ತಮ್ಮ ಎಂದೆನಲ್ಲ, ಹಾಗಾದರೆ ಆ ಮನೆಯಲ್ಲಿ ಮೊದಲು ಹುಟ್ಟಿದವಳು ಯಾರು ಎಂದು ಒಬ್ಬರೂ ಕೇಳಲಿಲ್ಲ.