ಒಣಗಿದ್ದ ಹಾಸಿಗೆ

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಅನ್ನು, ಎತ್ತಿದ್ದರೆ ನಾನು ಬರೀ ಅತ್ತು, ಹೇಳಬೇಕಾದದ್ದನ್ನು ಹೇಳದೆಯೇ ಇಟ್ಟುಬಿಡುತ್ತಿದ್ದೆ. ಗುಬ್ಬಿ ಗುರುವಾರ ಆಸ್ಪತ್ರೆಯಿಂದ ಮನೆಗೆ ಬಂದಳು. ಉಪ್ಪು ಕಡಿಮೆ ಹಾಕಲು ಹೇಳಿದ್ದಾರೆ. ಹಾಗಾಗಿ ತುತ್ತು ತುತ್ತಿಗೂ ಮುಖ ಸಿಂಡರಿಸಿ ನನ್ನ ಅಡುಗೆಯ ಮಾನ ಕಳೆಯುತ್ತಿದ್ದಾಳೆ. ಐದು ವರ್ಷದ ಮಗಳ ಕೈಲಿ ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ನೀನು ಬಂದ ಆ ದಿನದ್ದು ಒಂದೊಂದೂ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೂ ಮೊದಲ ವಾರ ಗುಬ್ಬಿಗೆ ರಕ್ತಭೇದಿಯಾಗಿತ್ತು. ಶಾಲೆಯವರು ಹಸು ತೋರಿಸಲು ಕರೆದುಕೊಂಡು ಹೋದಾಗ ಕಾಯಿಸದ ಹಾಲು ಕುಡಿದಿದ್ದಳು. ಅದರಿಂದಲೇ ಸೋಂಕು ತಗಲಿತು ಎಂದು ಡಾಕ್ಟರು ಖಚಿತವಾಗಿ ಹೇಳುವುದಿಲ್ಲ, ಇರಬಹುದು ಅನ್ನುತ್ತಾರೆ ಅಷ್ಟೇ. ಭೇದಿ ನಿಂತಿತು, ನಾನು ನೆಮ್ಮದಿಯ ಉಸಿರು ಬಿಟ್ಟೆ. ಅದರ ಮೇಲೆ ಇನ್ನೊಂದು ಸಂಭ್ರಮ: ದಿನಾ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತಿದ್ದವಳು ಮೂರು ದಿನದಿಂದ ಹೊಯ್ದಿರಲಿಲ್ಲ! ನನ್ನ ಗದರಿಕೆ ಕೊನೆಗೂ ಫಲ ಕೊಟ್ಟಿತೆಂದು ಬೀಗಿಬಿಟ್ಟೆ. ಕ್ಯಾಲೆಂಡರಿನಲ್ಲಿ ದಿನಕ್ಕೊಂದರಂತೆ ಮೂರು ನಕ್ಷತ್ರದ ಸ್ಟಿಕ್ಕರ್ ಅಂಟಿಸಿದ್ದೆ. ನೀನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅದನ್ನು ತೋರಿಸಿದೆ.

ನೀನು ಕ್ಯಾಲೆಂಡರ್ ನೋಡಲಿಲ್ಲ. ಹೋಟೆಲಿನ ಲಾಂಡ್ರಿಯಲ್ಲಿ ಹದಿನೆಂಟು ವರ್ಷ ಬೆಡ್‌ಶೀಟ್ ಒಗೆದ ಕೈ, ಸೀದಾ ಹಾಸಿಗೆ ಮುಟ್ಟಿತು. ಆಮೇಲೆ ನೀನು ಗುಬ್ಬಿಯ ಊದಿದ ಕಣ್ಣು, ಸುಣ್ಣದಂತೆ ಬಿಳಿಚಿದ ತುಟಿ ನೋಡಿದೆ. ಪಾದದ ಮೇಲೆ ಹೆಬ್ಬೆರಳು ಒತ್ತಿದೆ, ಗುಳಿ ಬಿದ್ದದ್ದು ಮೇಲೇಳಲಿಲ್ಲ. ಹಗಲಲ್ಲಾದರೂ ಉಚ್ಚೆಗೆ ಹೋಗ್ತಾಳೇನೇ ಎಂದು ಕೇಳಿದೆ. ನನಗೆ ಸಿಟ್ಟು ನೆತ್ತಿಗೇರಿತು. ಹಡೆದವಳು ನಾನು, ಮಕ್ಕಳ ವಿಷಯ ನಿನಗೇನು ಗೊತ್ತಾಗತ್ತೆ ಎಂದುಬಿಟ್ಟೆ.

ಮಕ್ಕಳಿಲ್ಲದ ನಿನಗೆ, ನನ್ನನ್ನೇ ಎತ್ತಿ ಆಡಿಸಿ ಬೆಳೆಸಿದ ನಿನಗೆ, ಆ ಮಾತು.

ನೀನು ಗುಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲಿಳಿದೆ. ಟ್ಯಾಕ್ಸಿಯಲ್ಲಿ ನೋಡಿದರೆ ನಿನ್ನ ಒಂದು ಕಾಲಲ್ಲಿ ನಿನ್ನ ಚಪ್ಪಲಿ, ಇನ್ನೊಂದರಲ್ಲಿ ನನ್ನದು. ವಾರ್ಡಿಗೆ ಸೇರಿಸಿದ ಮೇಲೆ ಕೆಲಸಕ್ಕೆ ಹೊತ್ತಾಯಿತೆಂದು ಹೋದವಳು ಮತ್ತೆ ಬರಲಿಲ್ಲ.

ಕಾಯಿಲೆಯ ಹೆಸರು ಹೀಮೊಲಿಟಿಕ್ ಯುರೀಮಿಕ್ ಸಿಂಡ್ರೋಮ್. ನಾಲಿಗೆ ಹೊರಳಲು ನನಗೆ ನಾಲ್ಕು ದಿನ ಬೇಕಾಯಿತು. ಕರುಳಿಗೆ ಬಂದ ಸೋಂಕಿನ ವಿಷ ರಕ್ತಕ್ಕೆ ಸೇರಿ, ರಕ್ತದ ಕಣ ಒಡೆದು, ಕಿಡ್ನಿಯ ಸಣ್ಣ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವಂತೆ. ಇದಕ್ಕೆ ನೇರವಾದ ಔಷಧಿ ಇಲ್ಲಮ್ಮ, ಕಿಡ್ನಿ ಚೇತರಿಸಿಕೊಳ್ಳೋವರೆಗೂ ಅದರ ಕೆಲಸ ನಾವು ಮಾಡ್ತೀವಿ ಎಂದರು ಡಾಕ್ಟರಮ್ಮ. ಹನ್ನೊಂದು ದಿನ ಡಯಾಲಿಸಿಸ್, ಎರಡು ಸಲ ರಕ್ತ. ನರ್ಸ್ ಡೈಪರನ್ನು ದಿನಾ ತೂಗಿ ಬರೆದುಕೊಳ್ಳುತ್ತಿದ್ದಳು. ದಿನಾ ಸೊನ್ನೆ. ಹತ್ತನೆಯ ದಿನ ತೂಗಿದವಳು ಹಾಗೇ ನಿಂತಳು, ಇನ್ನೊಮ್ಮೆ ತೂಗಿದಳು, ಆಮೇಲೆ ವಾರ್ಡಿಗೆ ವಾರ್ಡೇ ಕೇಳುವಂತೆ ಹದಿನೈದು ಎಮ್ಮೆಲ್ ಎಂದು ಕೂಗಿದಳು. ನೆಲ ಒರೆಸುತ್ತಿದ್ದ ಅಜ್ಜಿ ಕೋಲು ಬಿಟ್ಟು ಚಪ್ಪಾಳೆ ತಟ್ಟಿದರು. ಆ ಹದಿನೈದು ಎಮ್ಮೆಲ್ ಕೊಟ್ಟವರಿಗೆಲ್ಲ ನಾನು ಈ ಜನ್ಮವಿಡೀ ಕೈಮುಗಿಯಬೇಕು.

ಈಗ ನಾಚಿಕೆಯ ಸಂಗತಿ. ಸೇರಿಸಿದ ದಿನ ಸಂಜೆ ಡಾಕ್ಟರಮ್ಮ, ಮೂತ್ರ ನಿಂತದ್ದು ಯಾರು ಗಮನಿಸಿದ್ದು ಎಂದು ಕೇಳಿದರು. ನಾನೇ ಎಂದೆ. ಬಾಯಿಂದ ಹೇಗೆ ಬಂತೋ ಕಾಣೆ. ತಾಯಿ ಗಮನಿಸಿದ್ದಾರೆ ಎಂದು ಫೈಲಿನಲ್ಲಿ ಬರೆದುಕೊಂಡು, ಕಲಿಯಲು ಬಂದ ಡಾಕ್ಟರುಗಳಿಗೆ ನನ್ನನ್ನು ತೋರಿಸಿ, ತಾಯಿ ಅಂದ್ರೆ ಹೀಗಿರಬೇಕು ನೋಡಿ ಎಂದರು. ಅಷ್ಟು ದಿನವೂ ಆ ಹೊಗಳಿಕೆಯನ್ನು ಗಂಟಲಲ್ಲಿ ಇಟ್ಟುಕೊಂಡೇ ತಿರುಗಿದೆ. ಬಿಡುಗಡೆಯ ದಿನ ತಡೆಯಲಾಗಲಿಲ್ಲ, ಕ್ಯಾಲೆಂಡರಿನ ನಕ್ಷತ್ರದ ಸಮೇತ ಎಲ್ಲ ಹೇಳಿದೆ. ಅವರು ಫೈಲ್ ತೆಗೆದು, ತಾಯಿ ಎಂಬುದಕ್ಕೆ ಗೆರೆ ಎಳೆದು, ದೊಡ್ಡಮ್ಮ ಎಂದು ಬರೆದು ಸಹಿ ಹಾಕಿದರು. ಇನ್ನೊಂದು ದಿನ ತಡವಾಗಿದ್ದರೆ ನನ್ನ ಕೈಲಿ ಏನೂ ಇರ್ತಿರಲಿಲ್ಲ ಎಂದರು.

ತಪ್ಪಾಯಿತು ಅಕ್ಕಾ. ಆ ಮಾತು ಆಡಿದ್ದಕ್ಕೂ, ನಿನ್ನ ಪಾಲಿನ ಹೊಗಳಿಕೆ ಕದ್ದದ್ದಕ್ಕೂ. ಬುಧವಾರ ಬಿಪಿ, ರಕ್ತ, ಮೂತ್ರದ ಪರೀಕ್ಷೆ ಇದೆ. ಇನ್ನೂ ಕೆಲವು ವರ್ಷ ಹೀಗೆ ತೋರಿಸುತ್ತಿರಬೇಕಂತೆ. ನೀನು ಜೊತೆಗೆ ಬಾ. ನಾನು ಕಣ್ಣಿದ್ದೂ ಕುರುಡಿ.

ನಿನ್ನ ತಂಗಿ,
ಮೊಂಡಿ

ವಿ.ಸೂ.: ಈ ಕಾಗದ ಬರೆಯುವ ಧೈರ್ಯ ಬಂದದ್ದು ಎಲ್ಲಿಂದ ಎಂದು ಹೇಳಲೇ ಇಲ್ಲ. ಇವತ್ತು ಬೆಳಿಗ್ಗೆ ಗುಬ್ಬಿ ಬೆಡ್‌ಶೀಟ್ ಮುದ್ದೆ ಮಾಡಿ ಮಂಚದ ಕೆಳಗೆ ತುರುಕುತ್ತಿದ್ದಳು. ಎಳೆದು ನೋಡಿದರೆ ಪೂರ್ತಿ ಒದ್ದೆ! ಬೈಯುತ್ತೇನೆಂದು ಮುದುರಿ ನಿಂತವಳನ್ನು ಬೆಡ್‌ಶೀಟ್ ಸಮೇತ ತಬ್ಬಿಕೊಂಡು ಗೊಳೋ ಎಂದು ಅತ್ತೆ. ಅಮ್ಮಂಗೆ ಏನೋ ಆಗಿದೆ ಎಂದು ಅವಳು ಅಪ್ಪನನ್ನು ಕೂಗಿದಳು. ಕ್ಯಾಲೆಂಡರಿನ ಆ ಮೂರು ನಕ್ಷತ್ರವನ್ನೂ ಕಿತ್ತೆ. ಹೊಸದೊಂದನ್ನು ಇವತ್ತಿನ ತಾರೀಖಿಗೆ ಅಂಟಿಸಲು ಹೋದರೆ, ಗುಬ್ಬಿ ಬೇಡ, ದೊಡ್ಡಮ್ಮಂಗೆ ಕೊಡು ಎಂದಳು. ಈ ಕಾಗದದ ಮೇಲ್ಗಡೆ ಬಲಮೂಲೆಯಲ್ಲಿ ಅಂಟಿರುವುದು ಅದೇ.