ನೆಲದಡಿಯ ಗುಡಿಯ ತೀರ್ಥ

ಯಾರದು ಕದ್ದು ಓದುತ್ತಿರುವುದು? ನಾಚಿಕೆಯಿಲ್ಲವೇ? ಇದು ತೀರಿಹೋದ ನನ್ನ ಮಗಳಿಗೆ ಬರೆದ ಕಾಗದ.

ಮಾನಮ್ಮ, ನಿನ್ನೆ ಸಗರದ ದಾರಿಯ ಹಳೇ ಗುಡಿಗೆ ಹೋಗಿದ್ದೆ. ಅದರಡಿ ಹೂತಿರುವ ಇನ್ನೂ ಹಳೆಯ ಗುಡಿಯೊಳಗೆ, ಕಾಲುವೆ ಬಂದಾಗಿನಿಂದ ಗದ್ದೆಗಳ ಜವಳು ನೀರು ಜಿನುಗಿ ನಿಂತಿದೆ. ಮೇಲೆ ಪಾಚಿ, ಒಳಗೆ ಗೊಬ್ಬರದ ನಾತ. ಜನ ಅದನ್ನೇ 'ಗಂಗಿ ಎದ್ದಾಳ' ಅಂತ ತೀರ್ಥ ಮಾಡಿ ಕುಡಿಯುತ್ತಾರೆ. ಥೂ! ನಿನ್ನ ಗಂಡ ನಿನ್ನ ಕೂಸಿನ ಬೊಗಸೆಗೂ ಹಾಕಿಸಿದ. ನಾನು ಬಡಿದು ಚೆಲ್ಲಿದೆ.

"ಅತ್ತಿ, ದೇವರ ಅಂಜಿಕಿ ಇಲ್ಲೇನ್ರಿ ನಿಮಗ? ಮಾನಮ್ಮ ಕಡೀತನಕ ಇದನ್ನೇ ಕುಡದಾಳ."

"ಹೌದಪ್ಪ, ಕಡೀತನಕ ಕುಡದಾಳ," ಎಂದೆ.

ಬರುವ ತಿಂಗಳಿಂದ ಕೂಸಿಗೆ ದಿನಾ ಅದೇ ತೀರ್ಥವಂತೆ. ನನ್ನ ಮಾತು ಅವನಿಗೆ ನಾಯಿ ಬೊಗಳಿದ ಹಾಗೆ. ನಿನ್ನದಾದರೆ ಕೇಳುತ್ತಾನೆ. ಅವನ ಕನಸಿಗೆ ಹೋಗಿ ಬೈದು ಬಾ. ಆ ತಿಂಗಳು ಹುಟ್ಟುವುದರೊಳಗೆ ನನಗೆ ಜವಾಬು ಕೊಡು.