ಜಗಳವಿಲ್ಲದ ಪತ್ರಗಳು

ಗುರುವಾರ, ಮಧ್ಯಾಹ್ನ

ನನ್ನ ಜಗಳಗಂಟಿಗೆ,

ಅಮ್ಮನ ಮನಸ್ಸು ತುಂಬಿದ ಆಶೀರ್ವಾದ. ನಾವೆಲ್ಲ ಸುಖವಾಗಿದ್ದೇವೆ ಎಂದು ಪತ್ರಿಕೆಯಲ್ಲಿ ಬಂದಿದೆ, ಆದ್ದರಿಂದ ಸುಖವಾಗಿಯೇ ಇರಬೇಕು. ಉತ್ತರ ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಚುನಾವಣೆಯ ಗಲಾಟೆ ಎಂದು ಸಬೂಬು ಹೇಳಬಹುದಿತ್ತು. ಆದರೆ ನಿನ್ನ ಹತ್ತಿರ ಯಾಕೆ ಸುಳ್ಳು? ನಿನ್ನ ಹೋದ ಪತ್ರವನ್ನು ಮತ್ತೆ ಮತ್ತೆ ಓದುತ್ತಾ ಕುಳಿತಿದ್ದೆ. ಅದರಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು.

ಕೈ ಹೇಗಿದೆ? ಹಸು ಒದ್ದು ಮಣಿಕಟ್ಟು ಉಳುಕಿದೆ, ಅದಕ್ಕೇ ಟೈಪ್ ಮಾಡಿ ಕಳಿಸುತ್ತಿದ್ದೇನೆ ಎಂದಿದ್ದೆ. ಚಳಿ ಹೋಗಿ ಬಿಸಿಲು ಬಂತು, ಇನ್ನೂ ಟೈಪ್ ಮಾಡಿದ ಪತ್ರವೇ ಬರುತ್ತಿದೆ. ದನದ ಡಾಕ್ಟರಿಗೆ ಮನುಷ್ಯರ ಡಾಕ್ಟರ್ ಒಬ್ಬರೂ ಸಿಗಲಿಲ್ಲವೇನೇ?

ಇಲ್ಲಿನ ಸುದ್ದಿ ಹೇಳುತ್ತೇನೆ. ನಿಮ್ಮಪ್ಪನ ಪ್ರಚಾರ ನೋಡಿಕೊಳ್ಳಲು ಒಬ್ಬಳು ಬಂದಿದ್ದಾಳೆ, ನೀನು ಮನೆ ಬಿಟ್ಟ ಮೇಲೆ ಬಂದವಳು. ಎದುರಿಗೆ ಮೇಡಂ ಎನ್ನುತ್ತೇನೆ, ಮನಸ್ಸಿನಲ್ಲಿ ಇಸ್ತ್ರಿ ಎಂದು ಕರೆಯುತ್ತೇನೆ. ಯಾವ ಮಾತು ಕೊಟ್ಟರೂ ಸುಕ್ಕು ತೆಗೆದು, ಮಡಿಸಿ, ನಮ್ಮ ಕೈಗೇ ವಾಪಸು ಕೊಡುತ್ತಾಳೆ. ಹೋದ ತಿಂಗಳು ಅವಳ ಅಪ್ಪಣೆಯಂತೆ ಹಿತ್ತಲಿನಲ್ಲಿ ಗಿಡಗಳಿಗೆ ನೀರು ಹಾಕುತ್ತಾ ಫೋಟೋಗೆ ನಿಂತೆ. ಎಲ್ಲಿ ನೋಡಿದರೂ ಹೂವು! ನಮ್ಮ ಮನೆಯಲ್ಲಿ ಇಷ್ಟು ಹೂವು ಯಾವಾಗ ಬಿಟ್ಟಿತು ಎಂದು ನಾನೇ ಬೆಪ್ಪಾದೆ. ತೋಟದವನು ಹತ್ತಿರ ಬಂದು, "ಅಮ್ಮಾ, ಜಾಸ್ತಿ ನೀರು ಹಾಕ್ಬೇಡಿ, ಕುಂಡ ಬಾಡಿಗೇದು. ಸಂಜೆ ವಾಪಸ್ ಕೊಡ್ಬೇಕು" ಎಂದ. ಮರುದಿನ ಫೋಟೋದ ಕೆಳಗೆ ಬರೆದಿದ್ದರು: ಗಿಡಗಳನ್ನೂ ಮಕ್ಕಳಂತೆ ಬೆಳೆಸುವ ತಾಯಿ. ನಕ್ಕುಬಿಟ್ಟೆ. ಆಮೇಲೆ ನಗು ನಿಂತುಹೋಯಿತು.

ಯಾಕೆಂದರೆ ಅಂದಿನಿಂದ ನನಗೆ ಎಲ್ಲದರ ಮೇಲೂ ಅನುಮಾನ. ಅಡುಗೆಯವಳು ಚಹಾ ಕೊಟ್ಟು ಎರಡು ಗಳಿಗೆ ಹೆಚ್ಚು ನಿಂತರೂ ಅನುಮಾನ. ನಾನು ಹಜಾರದಲ್ಲಿ ಹೇಳಿದ ತಮಾಷೆ ವಾರದೊಳಗೆ ಯಾವುದೋ ಸಂದರ್ಶನದಲ್ಲಿ ಬರುತ್ತದೆ, ನಾನು ಕೊಡದೇ ಇರುವ ಸಂದರ್ಶನದಲ್ಲಿ. ಗೋಡೆಗೂ ಕಿವಿ ಎನ್ನುತ್ತಾರಲ್ಲ, ನಮ್ಮ ಮನೆಯ ಗೋಡೆಗೆ ಬಾಯಿಯೂ ಇದೆ.

ಹೋದ ವಾರ ದೊಡ್ಡ ಸಭೆ. ನಾನು ವೇದಿಕೆಯ ಮೇಲೆ, ಎಂದಿನಂತೆ ನಿಮ್ಮಪ್ಪನ ಅರ್ಧ ಹೆಜ್ಜೆ ಹಿಂದೆ. ಮಾತಿನ ನಡುವೆ ಜೇಬಿನಿಂದ ಒಂದು ಹಾಳೆ ತೆಗೆದರು. "ನನ್ನ ಮಗಳು ಬರೆದಿದ್ದಾಳೆ, ಓದ್ತೀನಿ ಕೇಳಿ" ಎಂದು ಓದಿದರು: "ಅಪ್ಪಾ, ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೆನಲ್ಲ, ಅದೇ ನನ್ನ ಜೀವನದ ದೊಡ್ಡ ತಪ್ಪು." ಜನ ಕಣ್ಣೊರೆಸಿಕೊಂಡರು. ಕ್ಯಾಮೆರಾ ನನ್ನ ಕಡೆ ತಿರುಗಿತು. ನಾನೂ ಸೆರಗು ಕಣ್ಣಿಗೆ ಒತ್ತಿಕೊಂಡೆ, ಕಣ್ಣಿನಲ್ಲಿ ನೀರಿರಲಿಲ್ಲ.

ನೀನು ಹಾಗೆ ಬರೆದೆಯಾ? ಹೋದ ಚುನಾವಣೆಯಲ್ಲಿ ಅಪ್ಪನನ್ನು ಹೊಗಳುವ ಮಾತನ್ನು ಬರೆದು ಕೈಗೆ ಕೊಟ್ಟಾಗ, ತುಂಬಿದ ಸಭೆಯಲ್ಲೇ ಹಾಳೆ ಮಡಿಸಿಟ್ಟು ಕೆಳಗಿಳಿದವಳು ನೀನು. "ಹಾಗಾದ್ರೆ ನನ್ನ ಮನೇಲಿ ಇರಬೇಡ" ಎಂದು ಅಪ್ಪ ಅಂದದ್ದಕ್ಕೆ, "ಇದು ಮನೆಯಲ್ಲ, ಪ್ರದರ್ಶನ" ಎಂದು ಬಾಗಿಲು ಬಡಿದು ಹೋದವಳು. ಆ ಮಗಳಿಗೆ ಇಷ್ಟು ನಯ ಎಲ್ಲಿಂದ ಬಂತು?

ನಿಮ್ಮಪ್ಪನನ್ನು ಕೇಳಿದೆ. ಕನ್ನಡಿ ಮುಂದೆ ವಾಚು ಕಟ್ಟಿಕೊಳ್ಳುತ್ತಿದ್ದರು.

"ಅವಳು ಯಾವಾಗ ಬರೆದ್ಲು ರೀ?"

"ನಿನಗ್ಯಾಕೆ ಈ ಅನುಮಾನ? ಅವಳೇ ಬರೆದಿದ್ದು. ಸುಮ್ನೆ ತಲೆ ಕೆಡಿಸ್ಕೋಬೇಡ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಯಾವಾಗ ಎಂದು ಕೇಳಿದ್ದೆ ಅಷ್ಟೆ, ಯಾರು ಎಂದು ಕೇಳಿರಲಿಲ್ಲ.

ನಮ್ಮ ಪ್ರಚಾರದ ಕಚೇರಿಯ ಹಿಂದೆ ಒಂದು ಉದ್ದನೆಯ ಕೋಣೆ ಇದೆ. ನನ್ನ ಹೆಸರಿಗೆ ಬರುವ ಹೆಂಗಸರ ಪತ್ರಗಳಿಗೆ ಅಲ್ಲಿ ಉತ್ತರ ತಯಾರಾಗುತ್ತದೆ. ಬೆಳಗಿನ ಹೊತ್ತು ನಾನು ಹೋಗಿ ಸಹಿ ಹಾಕುತ್ತೇನೆ. ಓದಬೇಕಾಗಿಲ್ಲ ಎಂದು ಇಸ್ತ್ರಿ ಹೇಳಿದ್ದಾಳೆ. ಈ ಸೋಮವಾರ ಮಾತ್ರ ಓದಿದೆ. ಮಗಳು ಮುನಿಸಿಕೊಂಡು ಹೋದಳೆಂದು ಅಳುವ ಒಬ್ಬ ತಾಯಿಗೆ ನನ್ನ ಹೆಸರಿನಲ್ಲಿ ಬರೆದಿದ್ದರು: "ಸಿಟ್ಟಿನಿಂದ ಹೋದವರು ಬಾಗಿಲಿಗೆ ಚಿಲಕ ಹಾಕಿ ಹೋಗುವುದಿಲ್ಲ, ಓರೆ ಮಾಡಿ ಹೋಗುತ್ತಾರೆ." ಆ ಸಾಲು ನನಗೆ ಬಾಯಿಪಾಠ. ನಿನ್ನ ಪತ್ರದಲ್ಲಿ ಬಂದಿತ್ತು. ಅದನ್ನು ಓದಿ ಒಂದಿಡೀ ಮಧ್ಯಾಹ್ನ ಅತ್ತಿದ್ದೆ, ಕೊನೆಗೂ ನನ್ನ ಮಗಳು ಕರಗಿದಳು ಎಂದು.

ಇಸ್ತ್ರಿಯನ್ನು ಕರೆದು ತೋರಿಸಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಉತ್ತರ ಬಂತು: "ನಿಮ್ಮ ಮಗಳದ್ದೇ ಮಾತು ಮೇಡಂ. ಪತ್ರ ಭದ್ರತೆಗೆ ಅಂತ ತೆರೀತೀವಲ್ಲ, ಆಗ ನೋಡಿದ್ವಿ. ತುಂಬಾ ಚೆನ್ನಾಗಿತ್ತು, ಬಳಸಿಕೊಂಡ್ವಿ." ಹೌದೇನೋ. ಆದರೆ ಅಲ್ಲಿ ಟೈಪ್ ಮಾಡುತ್ತಿದ್ದ ಹುಡುಗಿಯೊಬ್ಬಳು, ಸದಾ ನಮಸ್ಕಾರ ಹೇಳುವವಳು, ಅವತ್ತು ತಲೆಯೇ ಎತ್ತಲಿಲ್ಲ.

ನಿನ್ನ ನಂಬರ್ ಕೇಳಿದರೆ, ಬದಲಾಗಿದೆ, ಹುಡುಕುತ್ತಿದ್ದೇವೆ ಎನ್ನುತ್ತಾರೆ. ನಿನ್ನ ಊರಿಗೆ ಹೋಗಿಬರುತ್ತೇನೆ ಎಂದರೆ, ಮತದಾನ ಮುಗಿಯಲಿ ಎನ್ನುತ್ತಾರೆ. ಕಾರು ಹತ್ತಿದರೆ ಪಕ್ಕದಲ್ಲೇ ಇಸ್ತ್ರಿ. ಈ ಪತ್ರವನ್ನೂ ಅವಳ ಮೇಜಿನ ಮೇಲಿನ ಟ್ರೇಯಲ್ಲೇ ಇಡಬೇಕು. ಓದಿದರೆ ಓದಲಿ. ನನಗೂ ಸಾಕಾಗಿದೆ.

ಮೊದಲು ನಿನ್ನ ಕೈಬರಹದ ಪತ್ರ ಬಂದರೆ ತೆರೆಯಲು ಭಯವಾಗುತ್ತಿತ್ತು. "ಅಮ್ಮಾ, ಆ ಬಿಳಿ ಸೀರೆಯಲ್ಲಿ ಶಾಲೆಯ ಗೋಡೆ ಥರ ಕಾಣ್ತೀಯ" ಎಂದು ಶುರು ಮಾಡುತ್ತಿದ್ದೆ. "ನಿನಗೊಂದು ಬಾಯಿ ಇದೆ, ಮರೆತೆಯಾ?" ಎಂದು ಮುಗಿಸುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಈಗ ಬರುವ ಪತ್ರಗಳಲ್ಲಿ ನಾನು ತ್ಯಾಗಮಯಿ, ನಾನು ದೇವತೆ. ಓದಿ ಮುಗಿಸಿದರೆ ಹೊಟ್ಟೆ ಖಾಲಿ ಖಾಲಿ. ಮುದುಕಿಯ ಹುಚ್ಚು ಎಂದುಕೋ, ಆದರೆ ನೀನೇ ಹೌದಾದರೆ ನನ್ನ ಮೇಲೆ ರೇಗು. ಮಗಳನ್ನೇ ಅನುಮಾನಿಸಿದೆಯಾ ಎಂದು ರೇಗು.

ಊಟ ಬಿಡಬೇಡ. ಒದೆಯುವ ಹಸುವಿನ ಹಿಂದೆ ನಿಲ್ಲಬೇಡ. ನೀನು ಎಲ್ಲಿದ್ದರೂ ನೂರು ವರ್ಷ ಬಾಳು, ಯಾರಿಗೂ ತಲೆ ಬಾಗಿಸದೆ ಬಾಳು.

ನಿನ್ನ
ಅಮ್ಮ

ತಾ.ಕ.: ಹೋದ ಪತ್ರದಲ್ಲಿ ಸುಮ್ಮನೆ ಒಂದು ಮಾತು ಕೇಳಿದ್ದೆ: ಚಿಕ್ಕವಳಿದ್ದಾಗ ಜ್ವರ ಬಂದರೆ ನಿನಗೆ ಹಾಡು ಹೇಳಿ ಮಲಗಿಸುತ್ತಿದ್ದೆನಲ್ಲ, ನೆನಪಿದೆಯಾ ಎಂದು. "ಆ ಹಾಡು ಈಗಲೂ ಕಿವಿಯಲ್ಲಿದೆ ಅಮ್ಮಾ" ಎಂದು ಉತ್ತರ ಬಂತು. ನಾನು ನಿನಗೆ ಒಂದು ದಿನವೂ ಹಾಡಿದವಳಲ್ಲ. ನಾನು ಗುನುಗಿದರೆ ಸಾಕು, ನೀನು ಕಿವಿ ಮುಚ್ಚಿಕೊಂಡು ಅಪ್ಪನ ಹತ್ತಿರ ಓಡುತ್ತಿದ್ದೆ.

ಆದ್ದರಿಂದ ಇದನ್ನು ಓದಿ ಅವಳ ಹೆಸರಿನಲ್ಲಿ ಉತ್ತರ ಬರೆಯುವ ತಾಯಿ, ನೀವು ಯಾರೋ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡು. ನನ್ನ ಪತ್ರಗಳಲ್ಲಿ ಒಂದಾದರೂ ಅವಳ ಕೈ ಸೇರಿತೇ, ಅಷ್ಟು ಮಾತ್ರ ಹೇಳಿ. ಸೇರದಿದ್ದರೆ, ಅಮ್ಮನೂ ತನ್ನನ್ನು ಕೈಬಿಟ್ಟಳು ಎಂದೇ ಅವಳು ಅಂದುಕೊಂಡಿರುತ್ತಾಳೆ. ಹೇಳುವುದಕ್ಕೆ ನಿಮಗೆ ಅಪ್ಪಣೆಯಿಲ್ಲದಿದ್ದರೆ ಬೇಡ. ಆದರೆ ಮುಂದಿನ ಸಲ ಬರೆಯುವಾಗ ನನ್ನನ್ನು ಸ್ವಲ್ಪ ಬಯ್ಯಿರಿ.